ಸೌರಶಕ್ತಿ ಚಾಲಿತ ಏರ್ ಕಂಪ್ರೆಸರ್‌ನಿಂದ ಬಾವಿ ನೀರು: ಬಿಡಿಭಾಗಗಳ ಪರಿಚಯ ಮತ್ತು ವೆಚ್ಚದ ವಿವೇಚನೆ

ರಾಯಚೂರು ಜಿಲ್ಲೆಯಲ್ಲಿ ಕೊಳವೆಬಾವಿ ಕೊರೆಸಿದ ಪ್ರತಿಯೊಬ್ಬ ರೈತನೂ ಏರ್‌ಲಿಫ್ಟ್ ಪಂಪು ಕೆಲಸ ಮಾಡುವುದನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿರುತ್ತಾನೆ, ಅದರ ಹೆಸರು ತಿಳಿಯದಿದ್ದರೂ. ಕೊರೆಯುವ ಲಾರಿಯ ಕಂಪ್ರೆಸರ್ ಬಾವಿಯ ತಳಕ್ಕೆ ಗಾಳಿಯನ್ನು ನುಗ್ಗಿಸಿದಾಗ ಮೊದಲು ಕಲ್ಲಿನ ಬೂದು ಧೂಳು, ಬಳಿಕ ಕೆಸರು, ಅದೃಷ್ಟವಿದ್ದರೆ ಕೊನೆಗೆ ತಿಳಿನೀರು ಆಳೆತ್ತರಕ್ಕೆ ಚಿಮ್ಮುತ್ತದೆ. ಅಲ್ಲಿ ನೀರನ್ನು ಮೇಲಕ್ಕೆತ್ತುವುದು ಯಾವ ಪಂಪೂ ಅಲ್ಲ, ಗಾಳಿ ಮಾತ್ರ. ಇದೇ ತತ್ವದ ಮೇಲೆ ನಿರಂತರವಾಗಿ ನೀರೆತ್ತುವ ಕಂಪ್ರೆಸರ್ ಪಂಪುಗಳು ಕೋಲಾರದಿಂದ ಕೊಯಮತ್ತೂರಿನವರೆಗಿನ ಬರಡು ಸೀಮೆಯಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿವೆ. ಅವುಗಳಿಗೆ ವಿದ್ಯುತ್ ತಂತಿಯ ಬದಲು ಸೌರ ಫಲಕಗಳನ್ನು ಜೋಡಿಸಿ ಮಾರುವ ವಹಿವಾಟು ಈಗ ಈ ಭಾಗದ ಪಂಪು ಮತ್ತು ಪೈಪು ವರ್ತಕರಿಗೂ ಬಂದಿದೆ. ಕೊಳ್ಳುವವನು ಮೋಸಹೋಗದಂತೆ, ಮಾರುವವನು ಮಾತು ಕೆಡಿಸಿಕೊಳ್ಳದಂತೆ ಈ ವ್ಯವಸ್ಥೆಯ ಒಂದೊಂದು ಭಾಗವನ್ನೂ ಅರಿತುಕೊಳ್ಳುವುದು ಅವಶ್ಯಕ.

ಶಕ್ತಿನಗರದ ಸುತ್ತಮುತ್ತ ಈ ವಿಷಯಕ್ಕೆ ಒಂದು ವಿಚಿತ್ರ ಹಿನ್ನೆಲೆಯಿದೆ. ಕೃಷ್ಣಾ ತೀರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. 210 ಮೆಗಾವ್ಯಾಟಿನ ಏಳು ಘಟಕಗಳು ಹಾಗೂ 250 ಮೆಗಾವ್ಯಾಟಿನ ಎಂಟನೆಯ ಘಟಕ ಸೇರಿ ಅದರ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಆದರೂ ಅದರ ಚಿಮಣಿ ಕಾಣುವಷ್ಟು ದೂರದ ಹೊಲದಲ್ಲಿಯೂ ಕೊಳವೆಬಾವಿಯ ಮೋಟರಿಗೆ ತ್ರೀ ಫೇಸ್ ವಿದ್ಯುತ್ತು ದೊರೆಯುವುದು ದಿನಕ್ಕೆ ಕೆಲವೇ ಗಂಟೆ, ಅದೂ ಹಲವು ವೇಳೆ ರಾತ್ರಿಯಲ್ಲಿ. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ, ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಮತ್ತು ರಾಯಚೂರಿಗೂ ನೀರುಣಿಸಬೇಕಾಗಿದ್ದರೂ ಕಾಲುವೆಯ ಕೊನೆಯ ಭಾಗದ ರೈತನ ಗೋಳು ಈ ಪತ್ರಿಕೆಯ ವಾಚಕರಿಗೆ ಹೊಸದೇನಲ್ಲ. ಹೀಗಾಗಿ ಗಟ್ಟಿಶಿಲೆಯ ನೆಲದಲ್ಲಿ ಅಲ್ಪಸ್ವಲ್ಪ ನೀರು ಕೊಡುವ ಕೊಳವೆಬಾವಿಯೇ ಅವನಿಗೆ ಆಧಾರ.

ತತ್ವ

1797ರಲ್ಲಿ ಜರ್ಮನಿಯ ಗಣಿ ತಂತ್ರಜ್ಞ ಕಾರ್ಲ್ ಲೋಷರ್ ಈ ವಿಧಾನವನ್ನು ಮೊದಲು ನಿರೂಪಿಸಿದನೆಂದು ಹೇಳುತ್ತಾರೆ. ಬಾವಿಯೊಳಗೆ ಇಳಿಬಿಟ್ಟ ಡೆಲಿವರಿ ಪೈಪಿನ ಬುಡಕ್ಕೆ ಸಣ್ಣ ಪೈಪೊಂದರ ಮೂಲಕ ಒತ್ತಡದ ಗಾಳಿಯನ್ನು ಬಿಟ್ಟರೆ ಒಳಗಿನ ನೀರು ಗುಳ್ಳೆಗಳೊಂದಿಗೆ ಬೆರೆತು ಹಗುರವಾಗುತ್ತದೆ. ಹೊರಗಿನ ನೀರು ಭಾರವಾಗಿಯೇ ಉಳಿಯುವುದರಿಂದ ಅದು ಒಳಗಿನ ಹಗುರ ಮಿಶ್ರಣವನ್ನು ಮೇಲಕ್ಕೆ ದೂಡುತ್ತದೆ. ಅಂದರೆ ನೀರನ್ನು ಎತ್ತುವ ಬಲ ಬರುವುದು ಪೈಪಿನ ಹೊರಗೆ ನಿಂತಿರುವ ನೀರಿನಿಂದಲೇ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಎಲ್ಲ ಲೆಕ್ಕವೂ ಸುಲಭ.

ಗಾಳಿ ಬಿಡುವ ಬಿಂದುವು ಪಂಪು ನಡೆಯುತ್ತಿರುವಾಗಿನ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅದನ್ನು ಮುಳುಗಿದ ಉದ್ದವೆನ್ನಬಹುದು. ಡೆಲಿವರಿ ಪೈಪಿನ ಒಟ್ಟು ಉದ್ದದಲ್ಲಿ ಈ ಮುಳುಗಿದ ಭಾಗ ಶೇ. 50ರಿಂದ 70ರಷ್ಟಿದ್ದರೆ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಶೇ. 40ಕ್ಕಿಂತ ಕೆಳಗಿಳಿದಂತೆ ಗಾಳಿಯ ಖರ್ಚು ತೀವ್ರವಾಗಿ ಏರುತ್ತದೆ. ಆದ್ದರಿಂದಲೇ ಇದು ಸಾಮಾನ್ಯ ತೆರೆದ ಬಾವಿಗೆ ಹೇಳಿಸಿದ್ದಲ್ಲ. 12 ಮೀಟರ್ ಆಳದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಮುಳುಗುವ ಪ್ರಮಾಣ ಮೂರರಲ್ಲಿ ಒಂದು ಪಾಲು ಮಾತ್ರ. ಅಂತಹ ಬಾವಿಗೆ ದಡದ ಮೇಲಿನ ಸಾಧಾರಣ ಪಂಪೇ ಯೋಗ್ಯ. ಬಾವಿ ಯಾವುದೆಂದು ಕೇಳದೆಯೇ ಕಂಪ್ರೆಸರ್ ಮಾರುವ ವರ್ತಕನು ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ, ಬಾಕಿಯನ್ನೂ ಕಳೆದುಕೊಳ್ಳುತ್ತಾನೆ.

ಬಾವಿಯ ಮೇಲಿನ ಭಾಗಗಳು

ಮೊದಲನೆಯದು ಸೌರ ಫಲಕಗಳು ಮತ್ತು ಅವುಗಳ ಕಬ್ಬಿಣದ ಚೌಕಟ್ಟು. ಫಲಕದ ಮೇಲೆ ನಮೂದಿಸಿರುವ ವ್ಯಾಟ್ ಸಾಮರ್ಥ್ಯವು 25 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಪ್ರಯೋಗಾಲಯದಲ್ಲಿ ಅಳೆದದ್ದು. ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಫಲಕದ ಒಳಗಿನ ಉಷ್ಣತೆ 65 ಡಿಗ್ರಿಯವರೆಗೆ ಏರುವುದುಂಟು. ಪ್ರತಿ ಡಿಗ್ರಿಗೆ ಶೇ. 0.35ರಿಂದ 0.4ರಷ್ಟು ಉತ್ಪತ್ತಿ ಕುಗ್ಗುವುದರಿಂದ ಆ ಹೊತ್ತಿನಲ್ಲಿ ಶೇ. 14ರಿಂದ 16ರಷ್ಟು ಶಕ್ತಿ ಹೀಗೆಯೇ ಹೋಗಿಬಿಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚೆಂಬ ನಂಬಿಕೆ ಅರ್ಧ ಸತ್ಯ. ಬೆಳಕು ಹೆಚ್ಚಬೇಕು, ಕಾವು ಹೆಚ್ಚಬಾರದು. ಫಲಕದ ಕೆಳಗೆ ಗಾಳಿಯಾಡುವಂತೆ ಚೌಕಟ್ಟನ್ನು ಎತ್ತರಿಸಿ ನಿಲ್ಲಿಸುವುದು ಈ ಕಾರಣಕ್ಕೆ.

ಶಕ್ತಿನಗರದ ಪರಿಸರದಲ್ಲಿ ಇದಕ್ಕೆ ಇನ್ನೊಂದು ಕಂಟಕವಿದೆ, ಹಾರುಬೂದಿ. ಇದು ಗಾಜಿನ ಮೇಲೆ ನವಿರಾಗಿ ಕುಳಿತು, ಇಬ್ಬನಿಯಲ್ಲಿ ನೆನೆದು, ಬಿಸಿಲಿಗೆ ಒಣಗಿ ಪದರವಾಗಿ ಅಂಟಿಕೊಳ್ಳುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗಾಜು ಗೀಚುತ್ತದೆ. ಗಡಸು ನೀರಿನಿಂದ ಮಧ್ಯಾಹ್ನ ತೊಳೆದರೆ ಬಿಳಿ ಕಲೆ ಉಳಿಯುತ್ತದೆ. ಸೂರ್ಯೋದಯಕ್ಕೆ ಮುನ್ನ, ಫಲಕ ತಣ್ಣಗಿರುವಾಗ, ಧಾರಾಳವಾಗಿ ನೀರು ಹೊಯ್ದು ಮೃದುವಾದ ಕುಂಚದಿಂದ ತೊಳೆಯುವುದೇ ಸರಿಯಾದ ಕ್ರಮ. ದೇವದುರ್ಗ ಅಥವಾ ಮಾನ್ವಿಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕಾಗುವ ಈ ಕೆಲಸ ಬೂದಿ ಬೀಳುವ ದಿಕ್ಕಿನ ಹೊಲಗಳಲ್ಲಿ ವಾರಕ್ಕೊಮ್ಮೆಯಾದರೂ ನಡೆಯಬೇಕು.

ಎರಡನೆಯದು ನಿಯಂತ್ರಕ. ಫಲಕದಿಂದ ಬರುವುದು ಡಿ.ಸಿ. ವಿದ್ಯುತ್ತು. ಅದನ್ನು ಮೋಟರಿಗೆ ಬೇಕಾದ ರೂಪಕ್ಕೆ ತಿರುಗಿಸಿ, ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ವೇಗವನ್ನು ಹೊಂದಿಸುವ ಪೆಟ್ಟಿಗೆ ಇದು. ಇಲ್ಲಿ ಆಗುವ ಸಾಮಾನ್ಯ ತಪ್ಪೊಂದನ್ನು ಗಮನಿಸಬೇಕು. 415 ವೋಲ್ಟಿನ ಮೋಟರನ್ನು ಪೂರ್ಣ ಬಲದಲ್ಲಿ ನಡೆಸಲು ನಿಯಂತ್ರಕಕ್ಕೆ ಸುಮಾರು 585 ವೋಲ್ಟ್ ಡಿ.ಸಿ. ಬೇಕು. ಇಂದು ಪೇಟೆಯಲ್ಲಿರುವ 540 ವ್ಯಾಟಿನ ಫಲಕವೊಂದು ಕೆಲಸದ ಹೊತ್ತಿನಲ್ಲಿ ಕೊಡುವುದು ಸುಮಾರು 41 ವೋಲ್ಟ್. ಎಂಟು ಫಲಕಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ 328 ವೋಲ್ಟ್ ಆಗುತ್ತದೆ, ಕಾವೇರಿದಾಗ ಅದಕ್ಕಿಂತ ಕಡಿಮೆ. ವ್ಯಾಟ್ ಲೆಕ್ಕ ಸರಿಯಿದ್ದೂ ಮೋಟರು ಮುಕ್ಕುವುದು ಈ ಕಾರಣಕ್ಕೆ. ಇದಕ್ಕೆ 230 ವೋಲ್ಟಿಗೆ ಸುತ್ತಿದ ತ್ರೀ ಫೇಸ್ ಮೋಟರು, ಇಲ್ಲವೇ ವೋಲ್ಟೇಜು ಏರಿಸುವ ನಿಯಂತ್ರಕ, ಇಲ್ಲವೇ ಆ ಮಟ್ಟದ ಡಿ.ಸಿ.ಗೆ ಹೊಂದುವ ಮೋಟರು ಆಗಬೇಕು. ಕೈಯಲ್ಲಿರುವ ಹಳೆಯ ಮೋಟರಿಗೆ ಫಲಕ ಕೂಡಿಸಿಕೊಡುತ್ತೇವೆನ್ನುವ ಮಾತು ಕೇಳಲು ಅಗ್ಗ.

ಮೂರನೆಯದು ಕಂಪ್ರೆಸರ್, ಇಡೀ ವ್ಯವಸ್ಥೆಯ ಹೃದಯ. ಈ ಗಾತ್ರದಲ್ಲಿ ವಿ-ಬೆಲ್ಟಿನಿಂದ ನಡೆಯುವ ಪಿಸ್ಟನ್ ಮಾದರಿಯೇ ಬಳಕೆಯಲ್ಲಿದೆ. ಸಬ್‌ಮರ್ಸಿಬಲ್ ಪಂಪಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಬ್‌ಮರ್ಸಿಬಲ್ ಪಂಪು ಬೆಳಗಿನ ಮಂದ ಬಿಸಿಲಿನಲ್ಲಿ ನಿಧಾನವಾಗಿ ಸುತ್ತುತ್ತ ಕಡಿಮೆ ಶಕ್ತಿ ಬೇಡುತ್ತದೆ. ಪಿಸ್ಟನ್ ಕಂಪ್ರೆಸರ್ ಹಾಗಲ್ಲ. ವೇಗ ಕಡಿಮೆಯಾದರೂ ಪ್ರತಿ ಸುತ್ತಿಗೂ ಅದೇ ಒತ್ತಡದ ವಿರುದ್ಧ ಹೋರಾಡಬೇಕು. ತೀರ ನಿಧಾನವಾಗಿ ಸುತ್ತಿದರೆ ಒಳಗಿನ ಎಣ್ಣೆ ಸಿಡಿದು ಎಲ್ಲೆಡೆ ತಲಪದೆ ಉಂಗುರಗಳು ಸವೆಯುತ್ತವೆ. ಆದುದರಿಂದ ನಿಯಂತ್ರಕದಲ್ಲಿ ಕನಿಷ್ಠ ವೇಗದ ಮಿತಿಯನ್ನು ಹೊಂದಿಸಲೇಬೇಕು, ಮತ್ತು ಆರಂಭದಲ್ಲಿ ಒತ್ತಡವಿಲ್ಲದೆ ತಿರುಗುವಂತೆ ಅನ್‌ಲೋಡರ್ ವಾಲ್ವ್ ಇರಲೇಬೇಕು. ಇದರ ಪರಿಣಾಮವಾಗಿ ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ವ್ಯರ್ಥವಾಗುತ್ತದೆ.

ಕಂಪ್ರೆಸರ್ ಕೊಳ್ಳುವಾಗ ಕ್ಯಾಟಲಾಗಿನಲ್ಲಿ ಎರಡು ಅಂಕೆಗಳಿರುತ್ತವೆ. ಒಂದು ಪಿಸ್ಟನ್ ಸರಿದಾಟದ ಗಾತ್ರ, ಇನ್ನೊಂದು ನಿಜವಾಗಿ ಹೊರಬರುವ ಗಾಳಿಯ ಗಾತ್ರ. ಎರಡನೆಯದು ಮೊದಲನೆಯದರ ಮುಕ್ಕಾಲು ಪಾಲಿನಷ್ಟಿರುವುದು ಸಾಮಾನ್ಯ. ದೊಡ್ಡ ಅಂಕೆಯನ್ನು ತೋರಿಸಿ ಮಾರುವುದು ವ್ಯಾಪಾರದ ಹಳೆಯ ಅಭ್ಯಾಸ. ಕೊಟೇಶನ್ನಿನಲ್ಲಿ ಹೊರಬರುವ ಗಾಳಿಯ ಗಾತ್ರವನ್ನು, ಅದು ಯಾವ ಒತ್ತಡದಲ್ಲಿ ಎಂಬುದನ್ನು ಸೇರಿಸಿ, ಬರೆಸಿಕೊಳ್ಳುವುದು ಕ್ಷೇಮ.

ಗಾಳಿ ಒಳಸೇದುವ ಬಾಯಿಗೆ ಫಿಲ್ಟರ್ ಇರುತ್ತದೆ. ಶಕ್ತಿನಗರದ ಬೂದಿಯೂ ಹತ್ತಿ ಬಿಡಿಸುವ ಕಾಲದ ಹೊಲದ ಧೂಳೂ ಇಲ್ಲಿಯೇ ಮೊದಲು ಸೇರುವುದು. ಹಾರುಬೂದಿಯ ಕಣಗಳು ಸಿಲಿಕಾ ಮತ್ತು ಅಲ್ಯೂಮಿನಾ ಪ್ರಧಾನವಾದ, ಗಡಸಾದ ಕಣಗಳು. ಎಣ್ಣೆಯೊಂದಿಗೆ ಬೆರೆತರೆ ಸಿಲಿಂಡರನ್ನು ಅರೆಯುವ ಪೇಸ್ಟಿನಂತಾಗುತ್ತವೆ. ಸೇದುವ ಪೈಪನ್ನು ನೆಲದಿಂದ ಎತ್ತರಿಸಿ, ಬಾಯನ್ನು ಕೆಳಮುಖವಾಗಿಸಿ, ಎಣ್ಣೆಯ ತಟ್ಟೆಯುಳ್ಳ ಫಿಲ್ಟರ್ ಹಾಕುವುದಕ್ಕೆ ತಗಲುವ ಖರ್ಚು ಒಂದು ಜೊತೆ ಉಂಗುರದ ಬೆಲೆಯ ಮುಂದೆ ಏನೂ ಅಲ್ಲ.

ನಾಲ್ಕನೆಯದು ಗಾಳಿ ಟ್ಯಾಂಕು. ಇದರ ಮೇಲೆ ಒತ್ತಡ ಮಾಪಕ, ಮಿತಿಮೀರಿದಾಗ ತಾನೇ ತೆರೆಯುವ ಸೇಫ್ಟಿ ವಾಲ್ವ್, ತಳದಲ್ಲಿ ಸೇರಿದ ನೀರನ್ನು ಬಿಡುವ ನಲ್ಲಿ, ಕಂಪ್ರೆಸರಿಗೆ ಗಾಳಿ ಹಿಂದಿರುಗದಂತೆ ನಾನ್ ರಿಟರ್ನ್ ವಾಲ್ವ್ ಇರಬೇಕು. ಸೇಫ್ಟಿ ವಾಲ್ವಿಗೆ ಬೋಲ್ಟು ಹಾಕಿ ಮುಚ್ಚಿದ ಟ್ಯಾಂಕು ಬಾಂಬಿಗೆ ಸಮ. ಇದೇ ಟ್ಯಾಂಕನ್ನು ‘ಬ್ಯಾಟರಿ ಇಲ್ಲದ ಬ್ಯಾಟರಿ’ಯೆಂದು, ಹಗಲಿನ ಬಿಸಿಲನ್ನು ತುಂಬಿಟ್ಟು ರಾತ್ರಿ ನೀರೆತ್ತುತ್ತದೆಂದು ವರ್ಣಿಸುವವರಿದ್ದಾರೆ. ಲೆಕ್ಕ ಹಾಕಿದರೆ ನಿಜ ತಿಳಿಯುತ್ತದೆ. 500 ಲೀಟರಿನ ಟ್ಯಾಂಕು 7 ಕೆ.ಜಿ. ಒತ್ತಡದಿಂದ 5 ಕೆ.ಜಿ.ಗೆ ಇಳಿಯುವಾಗ ಹೊರಬಿಡುವುದು ಸುಮಾರು 1,000 ಲೀಟರ್ ಸಾಧಾರಣ ಗಾಳಿ. ಮುಂದೆ ಕಾಣುವಂತೆ ಒಂದು ಲೀಟರ್ ನೀರಿಗೆ ಐದು ಲೀಟರಿಗೂ ಹೆಚ್ಚು ಗಾಳಿ ಬೇಕಾಗುವುದರಿಂದ ಅದು ಎತ್ತುವ ನೀರು 200 ಲೀಟರಿಗೂ ಕಡಿಮೆ, ಅಂದರೆ ಒಂದು ಡ್ರಮ್ಮು. ಬಿಸಿಲನ್ನು ಕೂಡಿಡುವ ಉಪಾಯ ಗಾಳಿಯಲ್ಲಿಲ್ಲ, ನೀರಿನಲ್ಲಿದೆ. ತೊಟ್ಟಿಗೋ ಕೃಷಿ ಹೊಂಡಕ್ಕೋ ಹಣ ಹಾಕುವುದು ಲೇಸು.

ಬಾವಿಯೊಳಗಿನ ಭಾಗಗಳು

ಇಲ್ಲಿ ಹೇಳುವುದು ಸ್ವಲ್ಪವೇ, ಅದೇ ಈ ವ್ಯವಸ್ಥೆಯ ಹೆಗ್ಗಳಿಕೆ. ಗಾಳಿಯ ಪೈಪು, ಡೆಲಿವರಿ ಪೈಪು, ಗಾಳಿಯನ್ನು ಸಣ್ಣ ರಂಧ್ರಗಳಿಂದ ಸಮನಾಗಿ ಬಿಡುವ ಬುಡದ ತುಂಡು, ಇಷ್ಟೇ. ತಿರುಗುವ ಭಾಗವಿಲ್ಲ, ಕೇಬಲ್ಲಿಲ್ಲ, ಸುಟ್ಟುಹೋಗುವ ಸುರುಳಿಯಿಲ್ಲ. ಮರಳು ಬಂದರೂ, ಕೊಳವೆಬಾವಿ ಸೊಟ್ಟಗಿದ್ದರೂ, ನೀರು ಬತ್ತಿ ಬರಿಯ ಗಾಳಿಯೇ ಬಂದರೂ ಹಾನಿಯಿಲ್ಲ. ಕಂಪ್ರೆಸರ್ ಶೆಡ್ಡಿನಲ್ಲಿಯೇ ಇರುವುದರಿಂದ ರಾತ್ರಿ ಬಾಗಿಲು ಹಾಕಬಹುದು. ಅಕ್ಕಪಕ್ಕದ ಎರಡು ಬಾವಿಗಳಿಗೆ ಸರದಿಯಂತೆ ಒಂದೇ ಕಂಪ್ರೆಸರ್ ಸಾಕಾಗಬಹುದು. ಪೈಪಿನ ಅಳತೆಯಲ್ಲಿ ಮಾತ್ರ ಎಚ್ಚರ ಬೇಕು: ಡೆಲಿವರಿ ಪೈಪು ಅತಿ ದಪ್ಪವಾದರೆ ಗುಳ್ಳೆಗಳು ನೀರನ್ನು ಬಿಟ್ಟು ತಾವೇ ಮೇಲೆ ಜಾರುತ್ತವೆ, ಅತಿ ಸಣ್ಣದಾದರೆ ಘರ್ಷಣೆಯಲ್ಲಿ ಒತ್ತಡ ತಿಂದುಹೋಗುತ್ತದೆ.

ಮೇಲೆ ಬಂದ ನೀರು ಗಾಳಿಯಿಂದ ಬೇರ್ಪಟ್ಟು, ತಡೆತಡೆದು ಬೀಳುತ್ತದೆ. ಅದರಲ್ಲಿ ಮುಂದೆ ತಳ್ಳುವ ಒತ್ತಡ ಉಳಿದಿರುವುದಿಲ್ಲ. ಆದ್ದರಿಂದ ಇದನ್ನು ನೇರವಾಗಿ ಡ್ರಿಪ್ ಪೈಪಿಗೆ ಕೂಡಿಸಲಾಗದು. ತೊಟ್ಟಿಯಲ್ಲಿ ಹಿಡಿದು ಇನ್ನೊಂದು ಸಣ್ಣ ಪಂಪಿನಿಂದ ಒತ್ತಬೇಕು. ಈ ಎರಡನೆಯ ಪಂಪಿನ ಬೆಲೆಯನ್ನು ಕೊಟೇಶನ್ನಿನಲ್ಲಿ ಕಾಣಿಸದಿರುವುದು ಬಹುತೇಕ ತಗಾದೆಗಳ ಮೂಲ.

ಕುಡಿಯುವ ನೀರಿಗೆ ಬಳಸುವುದಾದರೆ ಇನ್ನೊಂದು ವಿಚಾರ. ಎಣ್ಣೆಯಿಂದ ನಡೆಯುವ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಆವಿ ಇದ್ದೇ ಇರುತ್ತದೆ, ಅದು ನೀರಿಗಿಳಿಯುತ್ತದೆ. ಎಣ್ಣೆರಹಿತ ಮಾದರಿಯನ್ನೇ ಆರಿಸಬೇಕು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್, ಕೆಲವೆಡೆ ಆರ್ಸೆನಿಕ್ ಕಂಡುಬಂದಿರುವುದು ತಿಳಿದ ಸಂಗತಿ. ಗಾಳಿ ಬೆರೆತ ನೀರಿನಲ್ಲಿ ಕಬ್ಬಿಣದ ಅಂಶ ತುಸು ಬೇಗ ತಳಕ್ಕಿಳಿಯಬಹುದಾದರೂ ಫ್ಲೋರೈಡ್ ಹಾಗೆಯೇ ಉಳಿಯುತ್ತದೆ. ಗಾಳಿಯಿಂದ ನೀರು ಶುದ್ಧವಾಗುತ್ತದೆಂದು ಮಾರುವುದು ತಪ್ಪು.

ಒಂದು ಉದಾಹರಣೆ

ಬಾವಿಯ ಇಳುವರಿಯನ್ನು ಇಂಚಿನಲ್ಲಿ ಹೇಳುವುದು ರೂಢಿ. ‘ವಿ’ ಆಕಾರದ, 90 ಡಿಗ್ರಿ ಕೋನದ ಕೊರಕಲಿನ ತಗಡಿನಿಂದ ಅಳೆದಾಗ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಅದರ ಇಮ್ಮಡಿಯಲ್ಲ, ಸುಮಾರು 2,900 ಲೀಟರ್. ಮೂರು ಇಂಚು ಸುಮಾರು 8,000 ಲೀಟರ್. ಎರಡಕ್ಕೂ ಎರಡೂವರೆಗೂ ಇರುವ ಅಂತರವನ್ನು ಅಲಕ್ಷಿಸಿದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಮಾನ್ವಿ ತಾಲ್ಲೂಕಿನಲ್ಲಿ ಕಾಲುವೆಯ ಕೊನೆಯ ಭಾಗದ ರೈತನೊಬ್ಬನ ಕೊಳವೆಬಾವಿಯಲ್ಲಿ ಎರಡು ಇಂಚಿಗಿಂತ ತುಸು ಹೆಚ್ಚು, ಅಂದರೆ ಗಂಟೆಗೆ 3,600 ಲೀಟರ್ ನೀರಿದೆ ಎಂದಿಟ್ಟುಕೊಳ್ಳಬಹುದು. ಸುಮ್ಮನಿದ್ದಾಗ ನೀರಿನ ಮಟ್ಟ 30 ಮೀಟರ್, ಎತ್ತುವಾಗ 40 ಮೀಟರ್, ಗಾಳಿ ಬಿಡುವ ಬುಡ 85 ಮೀಟರ್ ಆಳದಲ್ಲಿ. ಮುಳುಗಿದ ಉದ್ದ 45 ಮೀಟರ್, ಅಂದರೆ ಶೇ. 53. ಹತ್ತು ಮೀಟರ್ ನೀರಿಗೆ ಒಂದು ಕೆ.ಜಿ. ಒತ್ತಡವೆಂಬ ಸೂತ್ರದಂತೆ ಆರಂಭಕ್ಕೆ 5.5 ಕೆ.ಜಿ., ನಡೆಯುವಾಗ 4.5 ಕೆ.ಜಿ.; 7 ಕೆ.ಜಿ. ಕಂಪ್ರೆಸರ್ ಸಾಕು. ಬುಡವು 150 ಮೀಟರಿನಲ್ಲಿದ್ದಿದ್ದರೆ ಆರಂಭಕ್ಕೇ 12 ಕೆ.ಜಿ. ಬೇಕಾಗುತ್ತಿತ್ತು, ಕಂಪ್ರೆಸರಿನ ಜಾತಿಯೇ ಬೇರೆಯಾಗುತ್ತಿತ್ತು. ಬಳಕೆಯಲ್ಲಿರುವ ಸೂತ್ರಗಳ ಪ್ರಕಾರ ಈ ಸ್ಥಿತಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 5.3 ಲೀಟರ್ ಗಾಳಿ, ಅಂದರೆ ನಿಮಿಷಕ್ಕೆ 11 ಘನ ಅಡಿ ಬೇಕಾಗುತ್ತದೆ. ಇದಕ್ಕೆ 3 ಅಶ್ವಶಕ್ತಿಯ ಮೋಟರು ಅಗತ್ಯ. ಅದು ತಿನ್ನುವ ವಿದ್ಯುತ್ತು ಸುಮಾರು 2.6 ಕಿಲೋವ್ಯಾಟ್.

ಅಷ್ಟೇ ನೀರನ್ನು 40 ಮೀಟರ್ ಎತ್ತಲು ಶಾಸ್ತ್ರರೀತ್ಯಾ ಬೇಕಾದ ಶಕ್ತಿ 0.39 ಕಿಲೋವ್ಯಾಟ್ ಮಾತ್ರ. ಕಂಪ್ರೆಸರ್ ವ್ಯವಸ್ಥೆಯ ದಕ್ಷತೆ ಶೇ. 15ರಷ್ಟಾಯಿತು. ಶೇ. 40ರ ದಕ್ಷತೆಯ ಸಬ್‌ಮರ್ಸಿಬಲ್ ಪಂಪು ಇದೇ ಕೆಲಸವನ್ನು ಒಂದು ಕಿಲೋವ್ಯಾಟಿನಲ್ಲಿ ಮುಗಿಸುತ್ತದೆ. ತಂತಿಯ ವಿದ್ಯುತ್ತಿನಲ್ಲಿ ಈ ವ್ಯತ್ಯಾಸ ರೈತನ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಸೌರಶಕ್ತಿಗೆ ಬಂದಾಗ ಪ್ರತಿ ಕಿಲೋವ್ಯಾಟನ್ನೂ ಮುಂಗಡವಾಗಿ, ಫಲಕದ ರೂಪದಲ್ಲಿ, ಕೊಂಡೇ ತೀರಬೇಕು. ಸಬ್‌ಮರ್ಸಿಬಲ್ಲಿಗೆ 540 ವ್ಯಾಟಿನ ನಾಲ್ಕು ಫಲಕ ಸಾಕಾದರೆ ಕಂಪ್ರೆಸರಿಗೆ ಎಂಟು ಬೇಕು. ಆಗಲೂ ಬೆಳಗು–ಸಂಜೆಯ ಬಿಸಿಲು ಉಪಯೋಗಕ್ಕೆ ಬಾರದೆ ಇದು ನಡೆಯುವುದು ಸರಾಸರಿ ಐದು ಗಂಟೆ, ಅದು ಏಳು ಗಂಟೆ. ದಿನಕ್ಕೆ 18,000 ಲೀಟರ್ ಎದುರಿಗೆ 25,000 ಲೀಟರ್. 18,000 ಲೀಟರ್ ನೀರು ಒಂದು ಎಕರೆಗೆ ನಾಲ್ಕೂವರೆ ಮಿಲಿಮೀಟರಿನಷ್ಟಾಗುತ್ತದೆ. ಡ್ರಿಪ್ಪಿನಲ್ಲಿ ಮೆಣಸಿನಕಾಯಿಗೋ ತರಕಾರಿಗೋ ಒಂದೆಕರೆಯ ಸುತ್ತಮುತ್ತ ಸರಿದೂಗುತ್ತದೆ. ಬೇಸಿಗೆಯಲ್ಲಿ ಅದಕ್ಕೂ ಕಡಿಮೆ. ಭತ್ತದ ಮಾತೇ ಬೇಡ.

ವೆಚ್ಚ

ಬೆಲೆಗಳು ಊರಿಂದೂರಿಗೆ ಬದಲಾಗುವುದರಿಂದ ಲೆಕ್ಕದ ಅನುಕೂಲಕ್ಕಾಗಿ ಮಾತ್ರ ಕೆಳಗಿನ ಅಂಕೆಗಳನ್ನು ಭಾವಿಸಲಾಗಿದೆ. ಓದುಗರು ತಮ್ಮ ಕೊಟೇಶನ್ನಿನ ಅಂಕೆಗಳನ್ನು ಇದೇ ಚೌಕಟ್ಟಿನಲ್ಲಿ ತುಂಬಿಕೊಳ್ಳಬಹುದು. ಕಂಪ್ರೆಸರ್ ವ್ಯವಸ್ಥೆಗೆ ರೂ. 3,00,000, ಇದರಲ್ಲಿ ಫಲಕ, ಚೌಕಟ್ಟು, ನಿಯಂತ್ರಕ ಮತ್ತು ಜೋಡಣೆ ರೂ. 1,80,000, ಬಾಳಿಕೆ 15 ವರ್ಷ; ಕಂಪ್ರೆಸರ್ ಮತ್ತು ಪೈಪು ರೂ. 1,20,000, ಬಾಳಿಕೆ 7 ವರ್ಷ. ವರ್ಷದ ಸವಕಳಿ ರೂ. 12,000 ಮತ್ತು ರೂ. 17,143. ಎಣ್ಣೆ, ಬೆಲ್ಟು, ಉಂಗುರ, ಫಿಲ್ಟರಿಗೆ ರೂ. 8,000. ಸರಾಸರಿ ಬಂಡವಾಳದ ಮೇಲೆ ಶೇ. 9ರ ಬಡ್ಡಿ ರೂ. 13,500. ಒಟ್ಟು ರೂ. 50,643. ವರ್ಷಕ್ಕೆ 250 ದಿನ ನಡೆಸಿದರೆ 45 ಲಕ್ಷ ಲೀಟರ್. ಸಾವಿರ ಲೀಟರಿಗೆ ರೂ. 11.25.

ಸಬ್‌ಮರ್ಸಿಬಲ್ ವ್ಯವಸ್ಥೆಗೆ ರೂ. 2,00,000 ಎಂದು ಹಿಡಿದು, ರೂ. 1,20,000ಕ್ಕೆ 15 ವರ್ಷ, ಮೋಟರು–ಪಂಪಿನ ರೂ. 80,000ಕ್ಕೆ 5 ವರ್ಷ ಬಾಳಿಕೆ ಎಂದುಕೊಂಡರೆ ಸವಕಳಿ ರೂ. 24,000, ದುರಸ್ತಿ ರೂ. 5,000, ಬಡ್ಡಿ ರೂ. 9,000, ಒಟ್ಟು ರೂ. 38,000. ನೀರು 62.5 ಲಕ್ಷ ಲೀಟರ್. ಸಾವಿರ ಲೀಟರಿಗೆ ರೂ. 6.08. ಇಷ್ಟಕ್ಕೇ ನಿಲ್ಲಿಸಿದರೆ ಕಂಪ್ರೆಸರಿಗೆ ಅನ್ಯಾಯವಾದೀತು. ಮರಳು ತಿಂದು, ಒಣಗಿ ನಡೆದು ಮೋಟರು ಸುಡುವ ಬಾವಿಯಲ್ಲಿ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸಲು ಒಮ್ಮೆಗೆ ರೂ. 15,000 ತಗಲುವುದಾದರೆ, ವರ್ಷಕ್ಕೆ ಎರಡು ಸಲ ಸುಟ್ಟಾಗ ಸಾವಿರ ಲೀಟರಿನ ದರ ರೂ. 10.88 ಆಗುತ್ತದೆ, ಎರಡೂ ಹೆಚ್ಚುಕಡಿಮೆ ಸರಿಸಮ. ಮೂರನೆಯ ಸಲ ಸುಟ್ಟರೆ ಕಂಪ್ರೆಸರೇ ಅಗ್ಗ. ಆದ್ದರಿಂದ ರೈತನನ್ನು ಮೊದಲು ಕೇಳಬೇಕಾದ ಪ್ರಶ್ನೆ ಕಳೆದ ಮೂರು ವರ್ಷದಲ್ಲಿ ಮೋಟರು ಎಷ್ಟು ಸಲ ಸುಟ್ಟಿತು, ಯಾವ ಕಾರಣಕ್ಕೆ ಎಂಬುದು. ನೀರು ಬತ್ತಿ ಸುಟ್ಟಿದ್ದರೆ ನೀರಿಲ್ಲದಾಗ ತಾನೇ ನಿಲ್ಲುವ ನಿಯಂತ್ರಕ ಸಾಕು. ಮರಳಿನಿಂದಾದರೆ ಮಾತು ಬೇರೆ.

ಸಹಾಯಧನ ಸೇರಿದಾಗ ತಕ್ಕಡಿ ಇನ್ನೊಮ್ಮೆ ವಾಲುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ 7.5 ಅಶ್ವಶಕ್ತಿಯವರೆಗಿನ ಸೌರ ಪಂಪುಗಳಿಗೆ ಕೇಂದ್ರದ ಪಾಲು ಶೇ. 30. ಕರ್ನಾಟಕವು 2023ರಲ್ಲಿ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇ. 20ಕ್ಕೆ ಇಳಿಯಿತು. ಆದರೆ ಆ ಯೋಜನೆಯ ತಾಂತ್ರಿಕ ವಿವರಣೆಗಳು ರಚಿತವಾದದ್ದು ಸಬ್‌ಮರ್ಸಿಬಲ್ ಮತ್ತು ಮೇಲ್ಮೈ ಪಂಪುಗಳಿಗೆ, ಗಾಳಿ ಕಂಪ್ರೆಸರುಗಳಿಗಲ್ಲ. ಮೇಲಿನ ಉದಾಹರಣೆಯ ಸಬ್‌ಮರ್ಸಿಬಲ್ಲಿಗೆ ರೈತನು ಕೊಡುವುದು ರೂ. 40,000 ಮಾತ್ರವಾದರೆ ಸಾವಿರ ಲೀಟರಿನ ದರ ರೂ. 1.86ಕ್ಕೆ ಇಳಿಯುತ್ತದೆ, ವರ್ಷಕ್ಕೆ ಎರಡು ಸಲ ಸುಟ್ಟರೂ ರೂ. 6.66. ಮೂರು ಲಕ್ಷವನ್ನು ಪೂರ್ತಿ ಸ್ವಂತ ಜೇಬಿನಿಂದ, ಹಲವು ವೇಳೆ ಸಾಲದಿಂದ, ತೆರುವವನಿಗೆ ಇದನ್ನು ಮಾರುವ ಮೊದಲು ಹೇಳುವುದು ವರ್ತಕನ ಕರ್ತವ್ಯ. ಯೋಜನೆಯ ಅವಧಿ ಮತ್ತು ಗುರಿ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿಯ ಸ್ಥಿತಿಯನ್ನು ಕ್ರೆಡಲ್ ಸಂಸ್ಥೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಬಿಲ್ಲು ಮತ್ತು ತೆರಿಗೆ

ಸೌರಶಕ್ತಿ ಆಧಾರಿತ ಸಾಧನಗಳ ಜಿ.ಎಸ್.ಟಿ. ದರ 2017ರ ಜುಲೈಯಲ್ಲಿ ಶೇ. 5 ಇದ್ದದ್ದು 2021ರ ಅಕ್ಟೋಬರ್ 1ರಿಂದ ಶೇ. 12 ಆಯಿತು, 2025ರ ಸೆಪ್ಟೆಂಬರ್ 22ರಿಂದ ಮತ್ತೆ ಶೇ. 5ಕ್ಕೆ ಇಳಿಯಿತು. ಬಿಡಿಯಾಗಿ ಮಾರಿದ ಏರ್ ಕಂಪ್ರೆಸರಿಗೆ ಶೇ. 18. ಸಾಧನವನ್ನು ಜೋಡಣೆಯ ಸಮೇತ ಒಂದೇ ಗುತ್ತಿಗೆಯಲ್ಲಿ ಒದಗಿಸಿದಾಗ ಮೌಲ್ಯದ ಶೇ. 70 ಸರಕು, ಶೇ. 30 ಸೇವೆ ಎಂದು ಭಾವಿಸುವ ನಿಯಮ 2019ರ ಜನವರಿ 1ರಿಂದ ಇದೆ, ಸೇವೆಗೆ ಶೇ. 18. ಅದರಂತೆ ಸರಾಸರಿ ದರ ಶೇ. 8.9 ಆಗುತ್ತದೆ, ರೂ. 3,00,000ಕ್ಕೆ ರೂ. 26,700. ಅದನ್ನೇ ಬಿಡಿಬಿಡಿಯಾಗಿ, ಫಲಕ ಮತ್ತು ನಿಯಂತ್ರಕ ರೂ. 1,50,000 (ಶೇ. 5), ಕಂಪ್ರೆಸರ್ ಮತ್ತು ಪೈಪು ರೂ. 1,20,000 (ಶೇ. 18), ಜೋಡಣೆ ರೂ. 30,000 (ಶೇ. 18) ಎಂದು ಬಿಲ್ಲು ಮಾಡಿದರೆ ತೆರಿಗೆ ರೂ. 34,500. ಹೂಡುವಳಿ ತೆರಿಗೆ ಪಡೆಯಲಾಗದ ರೈತನಿಗೆ ಈ ರೂ. 7,800 ನೇರ ನಷ್ಟ.

ಹಾಗೆಂದು ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಬರೆದ ಮಾತ್ರಕ್ಕೆ ಕಡಿಮೆ ದರ ಸಲ್ಲುವುದಿಲ್ಲ. ಲಿಖಿತ ಆರ್ಡರ್ ಒಂದೇ ಇರಬೇಕು, ವ್ಯವಸ್ಥೆಯು ಸೌರಶಕ್ತಿಯಿಂದಲೇ ನಡೆಯುವಂತೆ ರಚಿತವಾಗಿರಬೇಕು, ಜೋಡಿಸಿ ಒಪ್ಪಿಸಿದ ದಾಖಲೆ ಇರಬೇಕು. ಗ್ರಿಡ್ಡಿಗೂ ಸೌರಕ್ಕೂ ಬದಲಾಯಿಸುವ ಸ್ವಿಚ್ಚು ಹಾಕಿದ ವ್ಯವಸ್ಥೆಯಲ್ಲಿ ವಿವಾದಕ್ಕೆ ಆಸ್ಪದವಿದೆ. ಶೇ. 18 ತೆತ್ತು ಕಂಪ್ರೆಸರ್ ಕೊಂಡು ಶೇ. 5ರ ದರದಲ್ಲಿ ಮಾರುವ ವರ್ತಕನಲ್ಲಿ ಹೂಡುವಳಿ ತೆರಿಗೆ ಶೇಖರವಾಗುತ್ತ ಹೋಗುವುದರಿಂದ ಕಲಂ 54(3)ರ ಮರುಪಾವತಿಯನ್ನು ಎರಡು ವರ್ಷದ ಅವಧಿ ಮೀರುವ ಮುನ್ನ ಕೇಳಬೇಕು.

ಜಿನ್ನಿಂಗ್ ಕಾರ್ಖಾನೆ ಅಥವಾ ಅಕ್ಕಿ ಗಿರಣಿಯವರು ತಮ್ಮ ಆವರಣದ ಬಾವಿಗೆ ಇದನ್ನು ಹಾಕಿಸಿಕೊಂಡರೆ ಆದಾಯ ತೆರಿಗೆಯ ಸವಕಳಿಯೂ ಲೆಕ್ಕಕ್ಕೆ ಬರುತ್ತದೆ. 1962ರ ಆದಾಯ ತೆರಿಗೆ ನಿಯಮಗಳ ಪಟ್ಟಿಯು ನೀರೆತ್ತುವ ಸೌರ ಫಲಕಗಳಿಗೆ 2017ರ ಏಪ್ರಿಲ್ 1ರಿಂದ ಶೇ. 40 ದರವನ್ನಿಟ್ಟಿತು, ಅದಕ್ಕೆ ಮುಂಚೆ ಶೇ. 80 ಇತ್ತು. ಕಂಪ್ರೆಸರ್ ಸಾಮಾನ್ಯ ಯಂತ್ರವೆಂಬ ವಾದ ಬಂದರೆ ಅದಕ್ಕೆ ಶೇ. 15 ಮಾತ್ರ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ರಚಿತವಾಗಿರುವುದರಿಂದ ಆ ದಿನದ ನಂತರದ ಖರೀದಿಗೆ ಹೊಸ ನಿಯಮಗಳ ಪಟ್ಟಿಯನ್ನು ನೋಡಿಕೊಳ್ಳತಕ್ಕದ್ದು. ಬರಿಯ ಕೃಷಿ ಆದಾಯವುಳ್ಳವನಿಗೆ ಈ ಸವಕಳಿಯಿಂದ ಪ್ರಯೋಜನವಿಲ್ಲ.

ಕೊನೆಯದಾಗಿ ವಾರಂಟಿ. ಫಲಕದ ಉತ್ಪತ್ತಿಗೆ 25 ವರ್ಷ ಎಂದು ದೊಡ್ಡ ಅಕ್ಷರದಲ್ಲಿರುವ ಕಾಗದದಲ್ಲಿ ಕಂಪ್ರೆಸರಿಗೆ ಒಂದು ವರ್ಷ ಮಾತ್ರ ಎಂಬುದು ಸಣ್ಣ ಅಕ್ಷರದಲ್ಲಿರುವುದು ಸಾಮಾನ್ಯ. ಬಿಲ್ಲಿನ ಹಿಂಬದಿಯಲ್ಲಿ ಪ್ರತಿಯೊಂದು ಭಾಗದ ಕ್ರಮಸಂಖ್ಯೆ, ವಾರಂಟಿಯ ಅವಧಿ, ಅಳೆದು ನೋಡಿದ ನೀರಿನ ಮಟ್ಟ, ಮೊದಲ ದಿನ ಒಂದು ಗಂಟೆಯಲ್ಲಿ ತೊಟ್ಟಿಗೆ ಬಿದ್ದ ಲೀಟರುಗಳು, ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿದರೆ ಆರು ತಿಂಗಳ ನಂತರ ನೀರು ಕಡಿಮೆಯಾದಾಗ ದೋಷ ಬಾವಿಯದೋ ಯಂತ್ರದ್ದೋ ಎಂದು ತೀರ್ಮಾನಿಸಲು ಆಧಾರವಿರುತ್ತದೆ.